ನೆಲದ ಲೆಕ್ಕ, ನೆಲದ ಹೆಸರು

(ಶಾಲೆಯ ಶತಮಾನೋತ್ಸವ ಸಮಾರಂಭದ ವಿಚಾರಗೋಷ್ಠಿಯಲ್ಲಿ, ಭೌಗೋಳಿಕ ಮಾಹಿತಿ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ ಪಡೆದ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣದ ಪಾಠ)



ಶರಣೆ ದಾನಮ್ಮನ ಸನ್ನಿಧಿಯಿಂದ ಪುನೀತವಾದ ಗುಡ್ಡಾಪುರದಲ್ಲಿ ಒಂದು ಕನ್ನಡ ಶಾಲೆ ನೂರು ವರ್ಷಗಳನ್ನು ಪೂರೈಸಿದೆ. ಗಡಿನಾಡಿನಲ್ಲಿ ಕನ್ನಡ ಶಾಲೆಯೊಂದು ಇಷ್ಟು ಕಾಲ ನಡೆಯಬೇಕಾದರೆ ಎಷ್ಟು ಮನೆಗಳವರು, ಎಷ್ಟು ತಲೆಮಾರುಗಳು, ಮಗುವಿನ ಕೈ ಹಿಡಿದು ತಂದು ಇಲ್ಲಿ ಹೆಸರು ಹಚ್ಚಿರಬೇಕು ಎಂಬುದನ್ನು ನೆನೆದಾಗ ಮನಸ್ಸು ತುಂಬಿ ಬರುತ್ತದೆ. ಆ ಎಲ್ಲರಿಗೆ ನಮ್ಮ ಮೊದಲ ನಮಸ್ಕಾರ.

ಸ್ವಾಗತ ಸಮಿತಿಯವರು ನಮಗೆ ವಹಿಸಿದ ಕೆಲಸ ಚಿಕ್ಕದು. ಈ ಶಾಲೆಯಿಂದ ಹೊರಟು ನಾವು ಕೆಲವರು ಓದಿದ ವಿಷಯ ಯಾವುದು, ಅದರಿಂದ ಊರಿಗೇನು ಪ್ರಯೋಜನ ಎಂಬುದನ್ನು ತಿಳಿಸಬೇಕೆಂದು ಅವರು ಕೇಳಿದ್ದಾರೆ. ಊರಿಗೆ ಬಂದಾಗಲೆಲ್ಲ ಹಿರಿಯರು ನಮ್ಮನ್ನು ಕೇಳುವುದುಂಟು: "ನಕಾಶೆ ತೆಗೆಯೂದು ಕಲೀಲಿಕ್ಕೆ ಎರಡು ವರ್ಷ ಬೇಕೇನಪ್ಪಾ?" ಪ್ರಶ್ನೆ ನ್ಯಾಯವಾದದ್ದೇ. ಈ ಭಾಷಣವನ್ನು ಆ ಪ್ರಶ್ನೆಗೆ ಕೊಟ್ಟ ಉತ್ತರವೆಂದೇ ತಾವು ಭಾವಿಸಬೇಕು.

ನಮ್ಮ ವಿಷಯದ ಮೊದಲ ಪಾಠವನ್ನು ಈ ಶಾಲೆಯ ವಿಳಾಸದಿಂದಲೇ ವಿವರಿಸಬಹುದು. ಶಾಲೆ ಆರಂಭವಾದ ಕಾಲದಲ್ಲಿ ಜತ್ತ ಒಂದು ಸಂಸ್ಥಾನವಾಗಿತ್ತು. ಡಫಳೆ ಮನೆತನದ ಆಳ್ವಿಕೆಯ ಆ ಸಂಸ್ಥಾನ ಬ್ರಿಟಿಷರ ವಿಜಾಪುರ ಏಜೆನ್ಸಿಗೆ ಸೇರಿತ್ತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949ರಲ್ಲಿ ದಕ್ಷಿಣ ಸಾತಾರಾ ಎಂಬ ಹೊಸ ಜಿಲ್ಲೆ ಹುಟ್ಟಿ ಜತ್ತ ಅದರ ತಾಲೂಕಾಯಿತು. 1960ರಲ್ಲಿ ಮಹಾರಾಷ್ಟ್ರ ರಾಜ್ಯ ಉದಯಿಸಿತು. ಅದೇ ವರ್ಷ ದಕ್ಷಿಣ ಸಾತಾರಾ ಜಿಲ್ಲೆಗೆ ಸಾಂಗಲಿ ಎಂಬ ಹೆಸರು ಬಂದಿತು. ಊರು ಒಂದಡಿಯೂ ಕದಲಲಿಲ್ಲ, ಅದರ ವಿಳಾಸ ನಾಲ್ಕು ಬಾರಿ ಬದಲಾಯಿತು. ಭೂಮಿಯ ಮೇಲಿನ ಒಂದು ಬಿಂದುವಿನ ಸ್ಥಾನ ಒಂದು ಮಾತು. ಆ ಬಿಂದುವಿನ ಬಗೆಗೆ ನಾವು ಬರೆದಿಟ್ಟುಕೊಳ್ಳುವ ವಿವರ ಇನ್ನೊಂದು ಮಾತು. ಮೊದಲನೆಯದು ಸ್ಥಿರ, ಎರಡನೆಯದು ಕಾಲದೊಂದಿಗೆ ಬದಲಾಗುವಂಥದು. ಇವೆರಡನ್ನೂ ತಪ್ಪದಂತೆ ಜೋಡಿಸಿ, ಯಾವ ಕಾಲಕ್ಕೆ ಯಾವ ವಿವರ ನಿಜವಾಗಿತ್ತೆಂಬುದನ್ನು ಕಾಯ್ದಿಟ್ಟುಕೊಂಡು, ಬೇಕಾದವರಿಗೆ ಬೇಕಾದಾಗ ಒದಗಿಸುವುದೇ ಭೌಗೋಳಿಕ ಮಾಹಿತಿ ನಿರ್ವಹಣೆ.

ಇದು ನಮ್ಮ ನಾಡಿಗೆ ಹೊಸತೆಂದು ತಿಳಿಯಬೇಕಾಗಿಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳನ್ನು ನೋಡಿದವರಿಗೆ ಗೊತ್ತು: ದೇವಾಲಯಕ್ಕೋ ಕೆರೆಗೋ ಭೂಮಿಯನ್ನು ದತ್ತಿ ಬಿಟ್ಟಾಗ ಎಷ್ಟು ಮತ್ತರು, ಎಷ್ಟು ಕಮ್ಮ, ಯಾವ ಕೋಲಿನಿಂದ ಅಳೆದದ್ದು ಎಂಬುದನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ನಾಲ್ಕೂ ಸೀಮೆಗಳನ್ನು ಹಳ್ಳ, ಹೆದ್ದಾರಿ, ನೆಟ್ಟ ಕಲ್ಲುಗಳ ಗುರುತಿನಿಂದ ಹೇಳುತ್ತಿದ್ದರು. ಅಳತೆಯ ಕೋಲು ಊರಿಂದ ಊರಿಗೆ ಬೇರೆಯಾಗಿದ್ದುದರಿಂದ ಕೋಲಿನ ಹೆಸರನ್ನೂ ಬರೆಯಬೇಕಾಗುತ್ತಿತ್ತು. ನಾವು ಮೊದಲ ವರ್ಷದಲ್ಲಿ ಕಲಿತ ಮುಖ್ಯ ಸೂತ್ರವೂ ಅದೇ: ಅಳತೆಯನ್ನು ಹೇಳುವಾಗ ಅಳತೆಗೋಲನ್ನೂ ಹೇಳು.

ಮುಂದೆ ಕಂಪನಿ ಸರಕಾರದ ಕಾಲದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನಲ್ಲಿ ಹೊಲಹೊಲವನ್ನೂ ಅಳೆದು ನಂಬರು ಹಾಕಿ ಕಂದಾಯ ನಿಗದಿ ಮಾಡುವ ಪದ್ಧತಿಯನ್ನು ನೆಲೆಗೊಳಿಸಿದರು. ಅಲ್ಲಿ 1836ರಲ್ಲಿ ಜಾರಿಗೆ ಬಂದ ಆ ಪದ್ಧತಿ ಮುಂಬಯಿ ಪ್ರಾಂತದ ತುಂಬ ಹರಡಿತು. ಅವರ ಸರಪಳಿ 33 ಅಡಿಯದು. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ. ಗುಂಟೆಗೆ 16 ಆಣೆ. 40 ಗುಂಟೆಗೆ ಒಂದು ಎಕರೆ. ಇಂದಿಗೂ ನಮ್ಮ ಸಾತಬಾರಾ ಉತಾರೆಯಲ್ಲಿ ಇರುವ ಸರ್ವೆ ನಂಬರುಗಳ ವಂಶ ಅಲ್ಲಿಂದ ಬಂದದ್ದು. ಗಡಿಯಾಚೆಯ ವಿಜಾಪುರ ಜಿಲ್ಲೆಯ ಪಹಣಿಯದೂ ಅದೇ ವಂಶ. ಆ ಜಿಲ್ಲೆಯೂ ಅಂದು ಮುಂಬಯಿ ಪ್ರಾಂತದಲ್ಲಿಯೇ ಇತ್ತು.

ಇದು ಕಂದಾಯದ ಅಳತೆಯ ಕಥೆ. ಇಡೀ ದೇಶದ ಆಕಾರವನ್ನು ಅಳೆದ ಕಥೆ ಇನ್ನೊಂದು. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಆಧಾರರೇಖೆಯನ್ನು ಅಳೆದು ಆರಂಭಿಸಿದ ಮಹಾ ತ್ರಿಕೋನಮಾಪನ, ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಹಿಮಾಲಯದವರೆಗೆ ಹೋಯಿತು. ಅದರ ಆಧಾರದ ಮೇಲೆ ಭಾರತೀಯ ಸರ್ವೇಕ್ಷಣ ಇಲಾಖೆ ದೇಶವನ್ನು ಚೌಕಗಳಾಗಿ ವಿಂಗಡಿಸಿ ನಕ್ಷೆಗಳನ್ನು ಸಿದ್ಧಪಡಿಸಿತು. ನಮ್ಮ ಭಾಗ 47ನೆಯ ಚೌಕಕ್ಕೆ ಸೇರಿದೆ. 17 ಡಿಗ್ರಿಯ ಅಕ್ಷಾಂಶರೇಖೆ ಜತ್ತ ತಾಲೂಕನ್ನು ಅಡ್ಡಲಾಗಿ ಹಾಯುವುದರಿಂದ ತಾಲೂಕಿನ ಬಡಗಣ ಊರುಗಳು ಒಂದು ಹಾಳೆಯಲ್ಲಿಯೂ ತೆಂಕಣ ಊರುಗಳು ಇನ್ನೊಂದು ಹಾಳೆಯಲ್ಲಿಯೂ ಬರುತ್ತವೆ. ಅಕ್ಷಾಂಶ, ರೇಖಾಂಶ, ಪ್ರಮಾಣ, ಸಮೋನ್ನತಿ ರೇಖೆ ಎಂಬ ಮಾತುಗಳನ್ನು ನಾವು ಮೊದಲು ಕೇಳಿದ್ದು ಇದೇ ಶಾಲೆಯ ಕೋಣೆಗಳಲ್ಲಿ, ಕನ್ನಡದಲ್ಲಿ. ವರ್ಗಕೋಣೆಯನ್ನೇ ಅಡಿಪಟ್ಟಿಯಿಂದ ಅಳೆಯಿಸಿ ಪಾಟಿಯ ಮೇಲೆ ಅದರ ನಕಾಶೆ ತೆಗೆಸಿದ ಗುರುಗಳು ನಮಗಿದ್ದರು. ಮಹಾನಗರದ ವಿದ್ಯಾಪೀಠದಲ್ಲಿ ಅದೇ ಪಾಠ ಇಂಗ್ಲಿಷಿನಲ್ಲಿ ಬಂದಾಗ ಹೆಸರು ಹೊಸದಾಗಿತ್ತು, ಅರ್ಥ ಹಳೆಯದಾಗಿತ್ತು.

ಹಳೆಯ ನಕ್ಷೆಗಳ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಲೇಬೇಕು. ಭೂಮಿ ಪೂರ್ಣ ಗೋಲವಲ್ಲ. ಧ್ರುವಗಳಲ್ಲಿ ತುಸು ಚಪ್ಪಟೆ. ಹಳೆಯ ನಕ್ಷೆಗಳು ಜಾರ್ಜ್ ಎವರೆಸ್ಟ್ ಲೆಕ್ಕ ಹಾಕಿದ ಆಕಾರವನ್ನು ನಂಬಿವೆ. ನಮ್ಮ ಮೊಬೈಲಿನ ಜಿಪಿಎಸ್ 1984ರಲ್ಲಿ ನಿಗದಿಯಾದ ಜಾಗತಿಕ ಆಕಾರವನ್ನು ನಂಬಿದೆ. ಹೊಂದಾಣಿಕೆ ಮಾಡದೆ ಒಂದರ ಮೇಲೊಂದು ಇಟ್ಟರೆ ನಮ್ಮ ಭಾಗದಲ್ಲಿ ಒಂದು ಬಾವಿ ನೂರು ಮೀಟರಿಗೂ ಮಿಕ್ಕಿ ಆಚೆ ಸರಿದು ಕಾಣುತ್ತದೆ. ಎರಡೂ ಅಳತೆಗಳು ಶುದ್ಧವೇ. ಅಳತೆಗೋಲು ಬೇರೆ ಎಂಬುದನ್ನು ಅರಿಯದವನ ಕೈಯಲ್ಲಿ ಅವು ಜಗಳ ಹಚ್ಚುತ್ತವೆ.

ಪ್ರಮಾಣದ ಮಾತೂ ಅಷ್ಟೇ ಮುಖ್ಯ. ಐವತ್ತು ಸಾವಿರಕ್ಕೆ ಒಂದು ಪ್ರಮಾಣದ ನಕ್ಷೆಯಲ್ಲಿ ಒಂದು ಮಿಲಿಮೀಟರು ಎಂದರೆ ನೆಲದ ಮೇಲೆ 50 ಮೀಟರು. ಚೌಕಾಕಾರದ ಒಂದು ಎಕರೆ ಹೊಲದ ಬದಿ ಸುಮಾರು 64 ಮೀಟರು; ಆ ನಕ್ಷೆಯಲ್ಲಿ ಇಡೀ ಹೊಲ ಒಂದೂಕಾಲು ಮಿಲಿಮೀಟರಿನ ಚುಕ್ಕೆ. ಪೆನ್ಸಿಲ್ಲಿನ ಗೆರೆ ಅರ್ಧ ಮಿಲಿಮೀಟರು ದಪ್ಪವಿದ್ದರೆ ಆ ಗೆರೆಯ ಅಡಿಯಲ್ಲಿ 25 ಮೀಟರು ನೆಲ ಮುಚ್ಚಿಹೋಗುತ್ತದೆ. ಅಂಥ ನಕ್ಷೆಯನ್ನು ಹಿಡಿದು ಅಣ್ಣತಮ್ಮಂದಿರ ಬಾಂದಿನ ತಕರಾರನ್ನು ತೀರಿಸಲು ಹೊರಡುವುದು ಸಲ್ಲದು. ಯಾವ ನಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲುದು, ಯಾವುದಕ್ಕೆ ಕೊಡಲಾರದು ಎಂಬ ವಿವೇಕವನ್ನು ಎರಡು ವರ್ಷ ಬೇರೆಬೇರೆ ರೀತಿಯಲ್ಲಿ ನಮಗೆ ಕಲಿಸಿದರು.

ಈ ಎಲ್ಲವನ್ನೂ ಗಣಕಯಂತ್ರಕ್ಕೆ ತಂದದ್ದು 1960ರ ದಶಕದಲ್ಲಿ. ಕೆನಡಾ ದೇಶದ ವಿಶಾಲ ಭೂಸಂಪತ್ತನ್ನು ದಾಖಲಿಸುವ ಕೆಲಸ ಹೊತ್ತ ರೋಜರ್ ಟಾಮ್ಲಿನ್ಸನ್, ಮಣ್ಣಿನದೊಂದು, ಕಾಡಿನದೊಂದು, ಕೃಷಿಯದೊಂದು ಎಂಬಂತೆ ನಕ್ಷೆಗಳನ್ನು ಪದರಪದರವಾಗಿ ಯಂತ್ರದೊಳಗೆ ಇಟ್ಟು, ಒಂದರ ಮೇಲೊಂದು ಹೊದಿಸಿ ಪ್ರಶ್ನೆ ಕೇಳುವ ವ್ಯವಸ್ಥೆಯನ್ನು ರೂಪಿಸಿದರು. ಅದೇ ಭೌಗೋಳಿಕ ಮಾಹಿತಿ ವ್ಯವಸ್ಥೆ, ಜಿಐಎಸ್. ಅಂದು ದೊಡ್ಡ ಸರಕಾರಗಳಿಗಷ್ಟೇ ಸಾಧ್ಯವಿದ್ದ ಕೆಲಸವನ್ನು ಇಂದು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಿಂದ ನಮ್ಮ ಶಾಲೆಯ ಗಣಕಯಂತ್ರದಲ್ಲಿಯೂ ಮಾಡಬಹುದು.

ಇನ್ನು ಆಕಾಶದ ಕಣ್ಣು. ಭಾರತ ತನ್ನ ಮೊದಲ ಕಾರ್ಯನಿರತ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಯನ್ನು ಹಾರಿಸಿದ್ದು 1988ರ ಮಾರ್ಚ್ 17ರಂದು. ಅದರ ಒಂದು ಕ್ಯಾಮೆರಾಕ್ಕೆ ಕಾಣುತ್ತಿದ್ದ ಅತಿ ಚಿಕ್ಕ ಚುಕ್ಕೆಯ ಬದಿ 72.5 ಮೀಟರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಎಕರೆ ಹನ್ನೆರಡು ಗುಂಟೆ. ಅದಕ್ಕಿಂತ ಚಿಕ್ಕ ಹೊಲ ಅದಕ್ಕೆ ಬೇರೆಯಾಗಿ ಕಾಣುತ್ತಿರಲಿಲ್ಲ. ಅಮೆರಿಕದ ಲ್ಯಾಂಡ್‌ಸ್ಯಾಟಿನ ಚುಕ್ಕೆ 30 ಮೀಟರಿನದು, ಸುಮಾರು ಒಂಬತ್ತು ಗುಂಟೆ. 2015ರಿಂದ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 10 ಮೀಟರು ಬದಿಯ ಚುಕ್ಕೆಗಳಲ್ಲಿ ನೆಲವನ್ನು ನೋಡುತ್ತಿವೆ, ಆ ಚಿತ್ರಗಳು ಯಾರಿಗೂ ಉಚಿತ. ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲ ಎಂದರೆ ನೂರು ಚದರ ಮೀಟರು. ನಮ್ಮ ಗುಂಟೆ ನೂರೊಂದು ಚದರ ಮೀಟರು. ಈ ಲೆಕ್ಕವನ್ನು ಮೊದಲ ಬಾರಿ ಮಾಡಿ ನೋಡಿದ ದಿನ ನಮಗೆ ಆದ ಸಂತೋಷವನ್ನು ಹೇಗೆ ಹೇಳಬೇಕು! ತಲಾಠಿಯ ಪುಸ್ತಕದ ಗುಂಟೆಯೂ ಆಕಾಶದಲ್ಲಿ ತಿರುಗುವ ಯಂತ್ರದ ಚುಕ್ಕೆಯೂ ಹೆಚ್ಚುಕಡಿಮೆ ಒಂದೇ ಅಳತೆಯವಾಗಿದ್ದವು.

ಆದರೆ ಕಾಣುವುದು ಬೇರೆ, ತಿಳಿಯುವುದು ಬೇರೆ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಎರಚುತ್ತದೆ. ಈ ಎರಡರ ವ್ಯತ್ಯಾಸದಿಂದ ಉಪಗ್ರಹ ಬೆಳೆಯ ಆರೋಗ್ಯವನ್ನು ಅಂಕಿಗಳಲ್ಲಿ ಹೇಳುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ತೆಗೆದ ಜತ್ತ ತಾಲೂಕಿನ ಚಿತ್ರವನ್ನು ತೆರೆದರೆ ಒಣಗಿದ ಬಯಲಿನ ನಡುವೆ ಅಲ್ಲಲ್ಲಿ ಹಸಿರು ಮಚ್ಚೆಗಳು ಕಾಣುತ್ತವೆ. ಅವು ರೈತ ಟ್ಯಾಂಕರಿನ ನೀರು ಹನಿಸಿ ಉಳಿಸಿಕೊಂಡ ದಾಳಿಂಬೆಯೋ, ದ್ರಾಕ್ಷಿಯೋ, ಹಳ್ಳದ ದಂಡೆಗೆ ತಾನಾಗಿ ಬೆಳೆದ ಬಳ್ಳಾರಿ ಜಾಲಿಯೋ? ಎಷ್ಟೋ ಸಲ ಯಂತ್ರಕ್ಕೆ ಅವೆಲ್ಲ ಒಂದೇ ಹಸಿರು. ತಾಲೂಕಿನಲ್ಲಿ ಹಸಿರು ಸಾಕಷ್ಟಿದೆ ಎಂಬ ವರದಿ ಜಾಲಿಯ ಬಲದ ಮೇಲೆ ಸಿದ್ಧವಾದರೆ ಅದರ ಪೆಟ್ಟು ಯಾರಿಗೆ ಬೀಳುತ್ತದೆಂಬುದನ್ನು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ನಮ್ಮ ಶಾಸ್ತ್ರದಲ್ಲಿ ನೆಲಸತ್ಯ ಎಂಬ ಒಂದು ಕಟ್ಟಳೆಯಿದೆ. ಚಿತ್ರದಿಂದ ಹೇಳಿದ್ದನ್ನು ಕಾಲಿನಿಂದ ನಡೆದು ಪರೀಕ್ಷಿಸಬೇಕು. ಇಂತಿಂಥ ಜಾಗದಲ್ಲಿ ಎರೆ, ಇಂತಿಂಥಲ್ಲಿ ಮಸಾರಿ, ಇದು ಮಡ್ಡಿ, ಇದು ಹಿಂಗಾರಿ ಜೋಳದ ಹೊಲ, ಇದು ಸಜ್ಜೆಯದು ಎಂದು ನೆಲ ಬಲ್ಲವರು ಮಾದರಿಗಳನ್ನು ಕೊಟ್ಟಮೇಲೆಯೇ ಯಂತ್ರ ಉಳಿದದ್ದನ್ನು ಗುರುತಿಸಲು ಕಲಿಯುತ್ತದೆ. ನಗರದಲ್ಲಿ ಬೆಳೆದ ನಮ್ಮ ಸಹಪಾಠಿಗಳು ಗಣಕಯಂತ್ರದ ಭಾಷೆಯಲ್ಲಿ ನಮಗಿಂತ ಮುಂದಿದ್ದರು. ಅವರಿಂದ ನಾವು ಬಹಳ ಕಲಿತೆವು. ಕ್ಷೇತ್ರಕಾರ್ಯಕ್ಕೆ ಇಳಿದಾಗ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿ ಹೆಸರಿಡುವ ಸರದಿ ನಮ್ಮದಾಗುತ್ತಿತ್ತು. ಒಕ್ಕಲುತನದ ಮನೆಯ ಮಗುವಿನ ಬಳಿ ಇರುವ ಈ ತಿಳಿವಳಿಕೆಗೆ ಒಂದು ಉನ್ನತ ಶಾಸ್ತ್ರದಲ್ಲಿ ಬೆಲೆಯಿದೆ ಎಂಬುದನ್ನು ಪಾಲಕರು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇಲ್ಲಿಯವರೆಗೆ ಹೇಳಿದ್ದು ಮಾಹಿತಿಯನ್ನು ಗಳಿಸುವ ಮಾತು. ಎರಡನೆಯ ವರ್ಷದ ಪಾಠ ನಿರ್ವಹಣೆಯದು, ನಮ್ಮ ಗಡಿಭಾಗಕ್ಕೆ ಹೆಚ್ಚು ಹತ್ತಿರದ ಪಾಠವೂ ಅದೇ. ಪ್ರತಿಯೊಂದು ನಕ್ಷೆಗೂ ಒಂದು ಜಾತಕ ಇರಬೇಕೆನ್ನುತ್ತದೆ ಶಾಸ್ತ್ರ. ಯಾರು ಮಾಡಿದರು, ಯಾವ ದಿನದ ಅಳತೆ, ಯಾವ ಪ್ರಮಾಣ, ಯಾವ ಅಳತೆಗೋಲು, ಎಷ್ಟು ತಪ್ಪಿರಬಹುದು, ಯಾರು ಬಳಸಬಹುದು ಎಂಬ ಈ ಜಾತಕಕ್ಕೆ ಮೆಟಾಡೇಟಾ ಎಂದು ಹೆಸರು. ಜಾತಕವಿಲ್ಲದ ನಕ್ಷೆ ಎಷ್ಟು ಅಂದವಾಗಿದ್ದರೂ ಅದನ್ನು ನಂಬಿ ಬಾವಿ ತೋಡಬಾರದು.

ಡೋಣಿ ನದಿಯ ಉದಾಹರಣೆಯನ್ನು ತೆಗೆದುಕೊಳ್ಳೋಣ. ಡೋಣಿ ಹುಟ್ಟುವುದು ನಮ್ಮ ಜತ್ತ ತಾಲೂಕಿನಲ್ಲಿ. ಅಲ್ಲಿಂದ ಅದು ವಿಜಾಪುರ ಜಿಲ್ಲೆಯನ್ನು ಹೊಕ್ಕು, ಎರೆಭೂಮಿಯನ್ನು ಹಾಯ್ದು, ತಾಳಿಕೋಟೆಯ ಮಗ್ಗುಲಲ್ಲಿ ಹರಿದು ಕೃಷ್ಣೆಯನ್ನು ಸೇರುತ್ತದೆ. ಡೋಣಿಯ ಸಾಲು ಬೆಳೆದರೆ ಓಣಿಯ ತುಂಬ ಜೋಳ ಎಂಬ ಮಾತು ಆ ಸೀಮೆಯಲ್ಲಿದೆ. ಅದೇ ನದಿಯ ಪ್ರವಾಹ ಹೊಲಗಳನ್ನು ಕೆಡಿಸಿದ್ದೂ ಇದೆ. ನಮ್ಮ ತಾಲೂಕಿನದೇ ಬೋರ ನದಿ ಮೂಡಣಕ್ಕೆ ಹರಿದು ಭೀಮೆಯನ್ನು ಸೇರುತ್ತದೆ. ಭೀಮೆಯೂ ಕೊನೆಗೆ ಕೃಷ್ಣೆಯನ್ನೇ ಸೇರುವಳು. ನೀರಿಗೆ ತಗ್ಗು ಗೊತ್ತು, ರಾಜ್ಯದ ಗಡಿ ಗೊತ್ತಿಲ್ಲ. ಮಾಹಿತಿಗೆ ಮಾತ್ರ ಗಡಿಯಿದೆ. ಮಹಾರಾಷ್ಟ್ರದ ದೂರಸಂವೇದಿ ಕೇಂದ್ರ ನಾಗಪುರದಲ್ಲಿದೆ, ಕರ್ನಾಟಕದ್ದು ಬೆಂಗಳೂರಿನಲ್ಲಿದೆ. ಎರಡೂ ತಂತಮ್ಮ ರಾಜ್ಯಕ್ಕೆ ಮೀಸಲಾದ ಸಂಸ್ಥೆಗಳು. ಎರಡೂ ದೊಡ್ಡ ಕೆಲಸ ಮಾಡಿವೆ. ಇಲ್ಲಿಯ ರೈತನ ಸಾತಬಾರಾ ಮಹಾಭೂಲೇಖದಲ್ಲಿ ಸಿಕ್ಕರೆ ಅಲ್ಲಿಯ ರೈತನ ಪಹಣಿ ಭೂಮಿ ಯೋಜನೆಯಲ್ಲಿ ಸಿಗುತ್ತದೆ. ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ತಂತ್ರಾಂಶ ಮೊಬೈಲಿನಲ್ಲಿಯೇ ತೋರಿಸುತ್ತದೆ, ಆದರೆ ಅದು ಕರ್ನಾಟಕದ ನೆಲಕ್ಕೆ ಮಾತ್ರ.

ನಮ್ಮಲ್ಲೊಬ್ಬರು ಪ್ರಬಂಧಕ್ಕಾಗಿ ಡೋಣಿಯ ಮೇಲ್ಭಾಗದ ಜಲಾನಯನವನ್ನು ಆರಿಸಿಕೊಂಡರು. ನಕ್ಷೆಯ ಅರ್ಧ ಒಂದು ರಾಜ್ಯದ್ದು, ಇನ್ನರ್ಧ ಇನ್ನೊಂದರದು. ಮಣ್ಣಿನ ವರ್ಗಗಳ ಹೆಸರು ಬೇರೆ, ಹಳ್ಳಗಳಿಗೆ ಕೊಟ್ಟ ಸಂಖ್ಯೆಯ ಕ್ರಮ ಬೇರೆ, ಬಾವಿಯ ನೀರಿನ ಮಟ್ಟ ಅಳೆದ ತಿಂಗಳು ಬೇರೆ. ಎರಡು ಪದರಗಳನ್ನು ಹೊಂದಿಸಿ ಒಂದೇ ನದಿಯನ್ನು ಒಂದೇ ನದಿಯಾಗಿ ಕಾಣಿಸುವುದಕ್ಕೆ ಇಡೀ ಒಂದು ಸತ್ರದ ಹೆಚ್ಚಿನ ಭಾಗ ಹಿಡಿಯಿತು. ಉಳಿದ ವಿಶ್ಲೇಷಣೆ ಕೆಲವೇ ವಾರಗಳಲ್ಲಿ ಮುಗಿಯಿತು. ನಿರ್ವಹಣೆ ಎಂಬ ಶಬ್ದದ ತೂಕ ನಮಗೆ ತಿಳಿದದ್ದು ಅಂದು. ಈ ಕೆಲಸವನ್ನು ಎರಡೂ ಕಡೆಯ ದಾಖಲೆ ಓದಬಲ್ಲವರು, ಮರಾಠಿ ಉತಾರೆಯನ್ನೂ ಕನ್ನಡ ಪಹಣಿಯನ್ನೂ ಒಂದೇ ಕೂರಿಕೆಯಲ್ಲಿ ತಿಳಿಯಬಲ್ಲವರು ಮಾಡಬೇಕು. ಅಂಥವರು ಮುಂಬಯಿಯಲ್ಲಿ ಹುಟ್ಟುವುದು ಅಪರೂಪ, ಬೆಂಗಳೂರಿನಲ್ಲಿಯೂ ಅಪರೂಪ. ಜತ್ತ, ಅಕ್ಕಲಕೋಟೆ, ಮಂಗಳವೇಢೆಯ ಸೀಮೆಯಲ್ಲಿ ಮನೆಗೊಬ್ಬರಂತೆ ಸಿಗುತ್ತಾರೆ.

ಹೆಸರುಗಳ ವಿಷಯವನ್ನೂ ಇಲ್ಲಿ ಸೇರಿಸಬೇಕು. ನಮ್ಮ ತಾಲೂಕಿನ ಹೆಸರನ್ನೇ ಕನ್ನಡದಲ್ಲಿ ಜತ್ತ ಎನ್ನುತ್ತೇವೆ, ಮರಾಠಿಯಲ್ಲಿ ಜತ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಎರಡು ಬಗೆಯ ಕಾಗುಣಿತ ಚಾಲ್ತಿಯಲ್ಲಿದೆ. ಗಣಕಯಂತ್ರಕ್ಕೆ ಇವು ಬೇರೆಬೇರೆ ಊರುಗಳು. ಅದಕ್ಕಾಗಿ ಸರಕಾರ ಪ್ರತಿ ಗ್ರಾಮಕ್ಕೂ ಒಂದು ಸಂಖ್ಯೆಯನ್ನು ಕೊಟ್ಟಿದೆ, ಹೆಸರು ಹೇಗೆ ಬರೆದರೂ ಸಂಖ್ಯೆ ಒಂದೇ. ಇದು ಅನುಕೂಲದ ವ್ಯವಸ್ಥೆ. ಆದರೆ ಸಂಖ್ಯೆ ಹೇಳದ ಮಾತನ್ನು ಹೆಸರು ಹೇಳುತ್ತದೆ. ಗುಡ್ಡಾಪುರ ಎಂದಾಗ ಗುಡ್ಡ ಕಣ್ಣಿಗೆ ಬರುತ್ತದೆ, ಜಾಲಿಹಾಳ ಎಂದಾಗ ಜಾಲಿಯ ಗಿಡ. ಶಂ.ಬಾ. ಜೋಶಿಯವರು ಮಹಾರಾಷ್ಟ್ರದ ಊರುಗಳ ಹೆಸರುಗಳಲ್ಲಿ ಅಡಗಿದ ಕನ್ನಡವನ್ನು ಹುಡುಕಿ ತೋರಿಸಿದ್ದು ನಮ್ಮ ಹಿರಿಯರಿಗೆಲ್ಲ ತಿಳಿದಿದೆ. ಅವರು ಊರ ಹೆಸರುಗಳನ್ನು ನೋಡಿದರು. ಊರೊಳಗಿನ ಹೆಸರುಗಳು ಇನ್ನೂ ಬರಹಕ್ಕೆ ಬಂದಿಲ್ಲ. ಹೊಲಗಳಿಗೆ, ಹಳ್ಳದ ಮಡುವುಗಳಿಗೆ, ಬಾವಿಗಳಿಗೆ, ಕಾಲುದಾರಿಗಳಿಗೆ ನಮ್ಮ ಅಜ್ಜ ಅಜ್ಜಿಯರು ಇಟ್ಟ ಹೆಸರುಗಳು ಯಾವ ಸರಕಾರಿ ನಕ್ಷೆಯಲ್ಲಿಯೂ ಸಿಗುವುದು ಕಷ್ಟ. ಹೇಳುವವರು ಹೋದ ದಿನ ಆ ಹೆಸರುಗಳೂ ಹೋಗುತ್ತವೆ.

ಇನ್ನು ಪಾಲಕರು ಅವಶ್ಯ ಕೇಳುವ ಮಾತಿಗೆ ಬರುತ್ತೇವೆ. ಈ ಪದವಿ ಎಲ್ಲಿ ಸಿಗುತ್ತದೆ, ಯಾರು ಓದಬಹುದು, ಮುಂದೇನು? ಸಾಮಾನ್ಯವಾಗಿ ಇದು ಎರಡು ವರ್ಷಗಳ, ನಾಲ್ಕು ಸತ್ರಗಳ ಅಧ್ಯಯನ. ಕೊನೆಯ ಸತ್ರದಲ್ಲಿ ಪ್ರಬಂಧ. ಬೇರೆಬೇರೆ ವಿದ್ಯಾಪೀಠಗಳು ಇದನ್ನು ಜಿಯೋಇನ್ಫರ್ಮ್ಯಾಟಿಕ್ಸ್, ಜಿಐಎಸ್ ಎಂಬ ಹೆಸರುಗಳಲ್ಲಿ ಕಲಿಸುತ್ತವೆ. ನಮಗೆ ಹತ್ತಿರದ ಸೊಲ್ಲಾಪುರದ ವಿದ್ಯಾಪೀಠದಲ್ಲಿ ಇದೆ. ಪುಣೆಯಲ್ಲಿ ಇದಕ್ಕೇ ಮೀಸಲಾದ ಸಂಸ್ಥೆ 2004ರಿಂದ ಇದೆ. ಕರ್ನಾಟಕದಲ್ಲಿ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿ ಇದೆ. ಡೆಹ್ರಾಡೂನಿನಲ್ಲಿ ಇಸ್ರೋದ ಭಾರತೀಯ ದೂರಸಂವೇದಿ ಸಂಸ್ಥೆ 1966ರಿಂದ ಈ ವಿದ್ಯೆಯನ್ನು ಕಲಿಸುತ್ತ ಬಂದಿದೆ. ಭೂಗೋಲ, ಭೂವಿಜ್ಞಾನ, ಕೃಷಿ, ಗಣಕಶಾಸ್ತ್ರ, ಸಿವಿಲ್ ಎಂಜಿನಿಯರಿಂಗ್ ಓದಿದವರಿಗೆ ಬಾಗಿಲು ತೆರೆದಿರುತ್ತದೆ. ಪ್ರವೇಶದ ನಿಯಮಗಳನ್ನು ಆಯಾ ವರ್ಷ ಆಯಾ ಸಂಸ್ಥೆಯಿಂದಲೇ ಕೇಳಿ ತಿಳಿಯುವುದು ಲೇಸು.

ನೌಕರಿಯ ವಿಷಯದಲ್ಲಿ ನಾವು ಬಣ್ಣದ ಮಾತು ಹೇಳಲಾರೆವು. ಪದವಿ ಮುಗಿದ ಕೂಡಲೇ ದೊರೆಯುವ ಕೆಲಸಗಳಲ್ಲಿ ಗುತ್ತಿಗೆಯವೇ ಹೆಚ್ಚು. ಒಂದು ಯೋಜನೆ ಮುಗಿದರೆ ಇನ್ನೊಂದನ್ನು ಹುಡುಕಬೇಕು. ಹಳೆಯ ನಕ್ಷೆಗಳ ಗೆರೆಗಳನ್ನು ದಿನವಿಡೀ ಪರದೆಯ ಮೇಲೆ ತಿದ್ದುವ ಕೆಲಸದಿಂದ ಹಲವರ ಬಾಳು ಆರಂಭವಾಗುತ್ತದೆ. ಗಣಿತ, ಸಂಖ್ಯಾಶಾಸ್ತ್ರ, ಸ್ವಲ್ಪ ಪ್ರೋಗ್ರಾಮಿಂಗ್ ಈ ಮೂರನ್ನು ಗಟ್ಟಿ ಮಾಡಿಕೊಂಡವರು ಮುಂದೆ ಹೋಗುತ್ತಾರೆ. ತಂತ್ರಾಂಶದ ಗುಂಡಿಗಳನ್ನಷ್ಟೇ ಕಲಿತವರು ಅಲ್ಲಿಯೇ ಉಳಿಯುತ್ತಾರೆ. ಕನ್ನಡ ಮಾಧ್ಯಮದಿಂದ ಹೋದವರಿಗೆ ಮೊದಲ ಸತ್ರ ಇಂಗ್ಲಿಷಿನ ಕಾರಣದಿಂದ ಭಾರವಾಗುವುದು ನಿಜ. ಅದು ಒಂದು ಸತ್ರದ ಭಾರ. ಕಲ್ಪನೆಗಳು ಮಾತೃಭಾಷೆಯಲ್ಲಿ ನೆಟ್ಟಗಿದ್ದರೆ ಶಬ್ದಗಳು ಆರು ತಿಂಗಳಲ್ಲಿ ಕೈಗೆ ಬರುತ್ತವೆ ಎಂದು ನಮ್ಮ ಅನುಭವದಿಂದ ಹೇಳುತ್ತೇವೆ. ಕೆಲಸದ ಬಾಗಿಲುಗಳೂ ಹೆಚ್ಚುತ್ತಿವೆ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನುಗಳಿಂದ ಗಾವಠಾಣಗಳ ಅಳತೆ ನಡೆದಿದೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ನಕ್ಷೆ ಮಾಡುವ ಕೆಲಸಕ್ಕಿದ್ದ ಅನುಮತಿಯ ಕಟ್ಟುಪಾಡುಗಳನ್ನು ಭಾರತೀಯರಿಗೆ ಬಹುಮಟ್ಟಿಗೆ ಸಡಿಲಿಸಿತು. 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಭೂಸ್ಥಾನಿಕ ನೀತಿ ಪ್ರಕಟವಾಯಿತು.

ನೌಕರಿಗಿಂತ ದೊಡ್ಡದೊಂದು ಕಾರಣಕ್ಕಾಗಿ ಈ ವಿದ್ಯೆ ನಮ್ಮ ಊರುಗಳಿಗೆ ಬೇಕು. ಜತ್ತ ತಾಲೂಕು ಮಳೆಯ ನೆರಳಿನ ನಾಡು. ಸಾಂಗಲಿ ಜಿಲ್ಲೆಯ ಪಡುವಣ ಶಿರಾಳಾದಲ್ಲಿ ಮಳೆ ಸುರಿಯುವಾಗ ಮೂಡಣದ ನಾವು ಮುಗಿಲು ನೋಡುತ್ತೇವೆ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಹಂತಹಂತವಾಗಿ ಮೇಲಕ್ಕೆತ್ತಿ ಬರದ ತಾಲೂಕುಗಳಿಗೆ ಕೊಡುವ ಯೋಜನೆಯ ನಕ್ಷೆ ಸಿದ್ಧವಾದಾಗ ನಮ್ಮ ತಾಲೂಕಿನ ಪೂರ್ವಭಾಗದ ಅನೇಕ ಹಳ್ಳಿಗಳು ಅದರ ಗೆರೆಯ ಹೊರಗೆ ಉಳಿದವು. ಹಲವು ವರ್ಷಗಳ ಬೇಡಿಕೆಯ ಬಳಿಕ ವಿಸ್ತರಿತ ಮ್ಹೈಸಾಳ ಯೋಜನೆ ರೂಪುಗೊಂಡಿತು. 2022ರಲ್ಲಿ ಕರ್ನಾಟಕದ ತುಬಚಿ–ಬಬಲೇಶ್ವರ ಯೋಜನೆಯ ನೀರು ಗಡಿ ದಾಟಿ ತಿಕ್ಕುಂಡಿಯ ಕಡೆಗೆ ಹರಿದು ಬಂದುದನ್ನೂ ನಾವೆಲ್ಲ ಕಂಡೆವು. ಇವುಗಳ ರಾಜಕಾರಣ ನಮ್ಮ ಭಾಷಣದ ವಿಷಯವಲ್ಲ. ನಮ್ಮ ವಿಷಯ ಆ ಗೆರೆ. ನೀರಾವರಿಯ ಗೆರೆ, ಬರದ ಪಟ್ಟಿಯ ಗೆರೆ, ಬೆಳೆವಿಮೆಯ ಗೆರೆ, ರಸ್ತೆಯ ಗೆರೆ ಇವೆಲ್ಲ ಮೊದಲು ಎಲ್ಲಿಯೋ ಒಂದು ನಕ್ಷೆಯ ಮೇಲೆ ಬೀಳುತ್ತವೆ. ನೆಲದ ಮೇಲೆ ಬೀಳುವುದು ಆಮೇಲೆ. ಗೆರೆ ಬೀಳುವಾಗ ಯಾವ ಎತ್ತರದ ಮಾಹಿತಿ ಬಳಸಿದಿರಿ, ಯಾವ ವರ್ಷದ ಚಿತ್ರ, ನಮ್ಮ ಊರಿನ ಯಾವ ಭಾಗ ನಿಜವಾಗಿ ಎಷ್ಟು ಎತ್ತರದಲ್ಲಿದೆ ಎಂದು ವಿನಯದಿಂದ, ಲೆಕ್ಕ ಸಮೇತ ಕೇಳಬಲ್ಲವರು ಊರಿನಲ್ಲಿದ್ದರೆ ಆ ಊರಿನ ಮಾತಿಗೆ ತೂಕ ಬರುತ್ತದೆ. ಮೋರ್ಚೆಯ ಹಿಂದೆ ಒಂದು ನಕ್ಷೆಯೂ ಇರಬೇಕು.

ಆದ್ದರಿಂದ ಶತಮಾನೋತ್ಸವದ ಈ ಸಂದರ್ಭದಲ್ಲಿ ಶಾಲೆಯ ಮುಂದೆ ನಾವು ಒಂದು ಸೂಚನೆಯನ್ನು ಇಡುತ್ತೇವೆ. ದೊಡ್ಡ ಖರ್ಚಿನದಲ್ಲ. ಎಂಟನೆಯ, ಒಂಬತ್ತನೆಯ ವರ್ಗದ ಮಕ್ಕಳು ಗುರುಗಳೊಡನೆ ಈ ಊರಿನ ಒಂದು ನಕ್ಷೆಯನ್ನು ಸಿದ್ಧಪಡಿಸಲಿ. ಮೊದಲ ಪದರದಲ್ಲಿ ಬಾವಿಗಳು ಮತ್ತು ಕೊಳವೆಬಾವಿಗಳು, ಬೇಸಗೆಯಲ್ಲಿಯೂ ಮಳೆಗಾಲದ ಕೊನೆಗೂ ಅವುಗಳ ನೀರಿನ ಮಟ್ಟ. ಎರಡನೆಯ ಪದರದಲ್ಲಿ ಹಳ್ಳ, ಒಡ್ಡು, ಮಡು, ಕಾಲುದಾರಿಗಳ ಹೆಸರುಗಳು, ಊರ ಹಿರಿಯರ ಬಾಯಿಂದ ಕೇಳಿದಂತೆ, ಕನ್ನಡ ಲಿಪಿಯಲ್ಲಿ. ಮೂರನೆಯದರಲ್ಲಿ ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಕರ್ನಾಟಕದ ಊರುಗಳಿಂದ ನಡೆದು ಬರುವ ಯಾತ್ರಿಕರ ದಾರಿಗಳು, ಆ ದಾರಿಯಲ್ಲಿ ಕುಡಿಯುವ ನೀರು, ನೆರಳು, ದವಾಖಾನೆ ಎಲ್ಲೆಲ್ಲಿವೆ, ಎಲ್ಲೆಲ್ಲಿ ಇಲ್ಲ. ಪ್ರತಿ ಚುಕ್ಕೆಯ ಪಕ್ಕದಲ್ಲಿ ಯಾರು ಅಳೆದರು, ಯಾವ ದಿನ, ಯಾರು ಹೇಳಿದರು ಎಂಬ ಜಾತಕ ತಪ್ಪದೆ ಇರಲಿ. ಎಲ್ಲರಿಗೂ ಉಪಯೋಗವಾಗುವಂಥದನ್ನು, 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಜಗತ್ತಿನ ಸಾರ್ವಜನಿಕ ನಕ್ಷೆಗೆ ಸೇರಿಸಬಹುದು. ಅದರಲ್ಲಿ ಊರಿನ ಹೆಸರನ್ನು ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಬರೆಯಲು ಸ್ಥಳವಿದೆ. ಯಾರ ಮನೆ, ಯಾರ ಹೊಲ, ಯಾರ ಸಾಲ ಎಂಬ ಖಾಸಗಿ ವಿವರಗಳು ಮಾತ್ರ ಅಲ್ಲಿಗೆ ಹೋಗಕೂಡದು. ಏನನ್ನು ಬರೆಯಬಾರದು ಎಂಬುದೂ ನಿರ್ವಹಣೆಯ ಒಂದು ಭಾಗ.

ಈ ಕೆಲಸಕ್ಕೆ ಬೇಕಾದ ತರಬೇತಿಯನ್ನು ರಜೆಯ ದಿನಗಳಲ್ಲಿ ಬಂದು ಕೊಡಲು ನಾವು ಸಿದ್ಧರಿದ್ದೇವೆ. ಐದು ವರ್ಷ ಬಿಡದೆ ಬಾವಿಗಳ ನೀರನ್ನು ಅಳೆದಿಟ್ಟರೆ ಈ ಶಾಲೆಯ ಕಪಾಟಿನಲ್ಲಿ ಇರುವ ದಾಖಲೆ ಗ್ರಾಮಪಂಚಾಯತಿಗೂ ತಾಲೂಕು ಕಚೇರಿಗೂ ಬೇಕಾಗುವಂಥದಾಗುತ್ತದೆ. ಮಕ್ಕಳಿಗೆ ಭೂಗೋಲದ ಪಾಠ ಪುಸ್ತಕದಿಂದ ಹೊಲಕ್ಕೆ ಇಳಿದು ಬರುತ್ತದೆ. ಅವರಲ್ಲಿ ಒಬ್ಬಿಬ್ಬರು ಮುಂದೆ ನಮ್ಮ ದಾರಿ ಹಿಡಿದು ನಮಗಿಂತ ಚೆನ್ನಾಗಿ ಓದಿಯಾರು. ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮನಿಗೆ ಕಲ್ಯಾಣದಲ್ಲಿ ದಾನಮ್ಮ ಎಂಬ ಹೆಸರು ಬಂದುದು ಆಕೆ ಗಳಿಸಿದ್ದನ್ನು ಹಂಚಿದ್ದರಿಂದ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ವಿದ್ಯೆಯ ವಿಷಯದಲ್ಲಿಯೂ ಆ ಮಾತು ಸಲ್ಲುತ್ತದೆ ಎಂದು ನಂಬಿ ನಾವು ಈ ಸೂಚನೆಯನ್ನು ಮುಂದಿಟ್ಟಿದ್ದೇವೆ. ಮುಂದಿನ ಬೇಸಗೆಯ ರಜೆಯಲ್ಲಿ ಮೊದಲ ಬಾವಿಯನ್ನು ಅಳೆಯೋಣ. ಯಾವ ಬಾವಿಯಿಂದ ಆರಂಭಿಸಬೇಕೆಂಬುದನ್ನು ಊರ ಹಿರಿಯರೇ ನಿರ್ಧರಿಸಲಿ.